ಕುರುಗೋಡಿನ ಹತ್ತು ನಿಮಿಷ

ಬಸ್ಸು ಕುರುಗೋಡಿನಲ್ಲಿ ನಿಂತೊಡನೆ ನನ್ನ ಬಲಗೈ ತಾನೇತಾನಾಗಿ ಅಂಗಿಯ ಜೇಬಿಗೆ ಹೋಗುತ್ತಿತ್ತು. ಸಿಗರೇಟು ಬಿಟ್ಟು ವರ್ಷವಾದರೂ ಆ ಸುದ್ದಿಯನ್ನು ಕೈಗೆ ಯಾರೂ ತಿಳಿಸಿದಂತಿರಲಿಲ್ಲ. ಬಳ್ಳಾರಿಯಿಂದ ಸಿರುಗುಪ್ಪದ ನನ್ನ ಕಾಲೇಜಿಗೆ ನೇರ ಬಸ್ಸುಗಳಿದ್ದರೂ ನಾನು ಈ ಸುತ್ತುಬಳಸಿನ ಬಸ್ಸನ್ನೇ ಹಿಡಿಯುತ್ತಿದ್ದೆ. ಅದು ಇಲ್ಲಿ ಹತ್ತು ನಿಮಿಷ ನಿಲ್ಲುತ್ತಿತ್ತು, ನಿಲ್ದಾಣದ ಎದುರಿಗೇ ಗೆಳೆಯ ಖಾಜಾಸಾಬನ ಗಾದಿ ಅಂಗಡಿಯಿತ್ತು.

ಹತ್ತಿ ಹಿಂಜುವ ಅಂಗಡಿಯಲ್ಲಿ ಕಿಡಿ ನಿಷಿದ್ಧ. ಆದ್ದರಿಂದ ಖಾಜಾ ಬೆಳಗಿನಿಂದ ವ್ರತಸ್ಥನಂತೆ ತಡೆದುಕೊಂಡಿದ್ದು, ನನ್ನ ಬಸ್ಸಿನ ಹಾರ್ನ್ ಕೇಳಿದ ಮೇಲೆಯೇ ಮೈಗಂಟಿದ ಅರಳೆ ಕೊಡವಿಕೊಂಡು ಹೊರಬರುತ್ತಿದ್ದ. ಒಂದೇ ಕಡ್ಡಿಯಲ್ಲಿ ಅವನ ಬೀಡಿ, ನನ್ನ ಸಿಗರೇಟು. ಹದಿನಾಲ್ಕು ವರ್ಷ ಹೀಗೇ ನಡೆಯಿತು.

ಆಮೇಲೆ ನಾನು ಬಿಟ್ಟೆ. ಬಿಟ್ಟವರಿಗೆಲ್ಲ ಬರುವ ಉಪದೇಶದ ರೋಗ ನನಗೂ ಅಂಟಿತು. ಖಾಜಾನ ಕೆಮ್ಮು ಕೇಳಿದ ಡಾಕ್ಟರು, ಬೀಡಿ ಬಿಡದಿದ್ದರೆ ಶ್ವಾಸಕೋಶ ಉಳಿಯದು ಎಂದಿದ್ದರು. ನಾನು ದಿನವೂ ಆ ಹತ್ತು ನಿಮಿಷ ಅವನೆದುರು ನಿಂತು ಸಂಕಲ್ಪಬಲದ ಪಾಠ ಮಾಡುತ್ತಿದ್ದೆ. ಅವನು ಬೀಡಿ ಸೇದುತ್ತ ವಿನಯದಿಂದ ಕೇಳುತ್ತಿದ್ದ.

ಒಮ್ಮೆ ಪರೀಕ್ಷೆಯ ಕೆಲಸದಿಂದ ಮೂರು ವಾರ ಬಳ್ಳಾರಿಯಲ್ಲೇ ಉಳಿದೆ. ಮರಳಿ ಬಂದ ದಿನ ಖಾಜಾ ನಗುತ್ತ, "ಬಿಟ್ಟೀನ್ರಿ ಸರ್, ಇಪ್ಪತ್ತು ದಿನಾತು" ಎಂದ. ಬೆನ್ನು ತಟ್ಟಿದೆ. ಬಸ್ಸು ಹೊರಡುವಷ್ಟರಲ್ಲಿ ಅವನ ಬೆರಳ ನಡುವೆ ಬೀಡಿ ಉರಿಯುತ್ತಿತ್ತು.

"ನೀವಿಲ್ಲದಾಗ ಬೀಡಿ ನೆನಪ ಆಗಂಗಿಲ್ರಿ. ನಿಮ್ಮ ಮುಖ ಕಂಡ್ರ ಸಾಕು, ಎದಿ ಎಳೀತೈತಿ."

"ನೆಪ ಹೇಳಾಕ ನನ್ನ ಮುಖಾನ ಬೇಕಿತ್ತೇನಲೇ? ಗಂಡಸ ಅದೀಯೋ ಇಲ್ಲೋ?" ಎಂದು ಚಹಾದಂಗಡಿಯ ಮಂದಿಯೆದುರು ಗದರಿದೆ. ಅವನು ಬೀಡಿಯನ್ನು ನೆಲಕ್ಕೆ ಹೊಸಕಿ, ತಲೆ ತಗ್ಗಿಸಿ ಒಳಗೆ ಹೋದ.

ತಿಂಗಳ ಮೇಲೆ ಪತ್ರಿಕೆಯಲ್ಲಿ ಮಿದುಳಿನ ಸಂಶೋಧನೆಯ ಬಗ್ಗೆ ಲೇಖನವೊಂದನ್ನು ಓದಿದೆ. ನಿಕೋಟಿನ್ ಕೊಟ್ಟ ಸುಖವನ್ನು ಮಿದುಳು ಒಂಟಿಯಾಗಿ ನೆನಪಿಡುವುದಿಲ್ಲವಂತೆ. ಸೇದಿದ ಜಾಗ, ಹೊತ್ತು, ಜೊತೆಗಾರ ಎಲ್ಲವನ್ನೂ ಅದಕ್ಕೆ ಹೆಣೆದಿಡುತ್ತದಂತೆ. ಬಿಟ್ಟು ಎಷ್ಟೋ ದಿನವಾದ ಮೇಲೂ ಅವುಗಳಲ್ಲೊಂದು ಕಂಡರೆ ಸಾಕು, ಸಂಕಲ್ಪ ಬರುವಷ್ಟರಲ್ಲಿ ಕೈ ಮುಂದಾಗಿರುತ್ತದೆ. ಖಾಜಾ ನೆಪ ಹೇಳಿರಲಿಲ್ಲ. ನನ್ನದೇ ಕೈ ಜೇಬಿಗೆ ಹೋಗುವುದನ್ನು ದಿನವೂ ಕಂಡವನಿಗೆ ಇಷ್ಟು ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು, ಓದುಗ ಮಿತ್ರರೇ, ಈಗಲೂ ಆಗುತ್ತದೆ.

ಮರುದಿನವೇ ಹೋಗಿ ತಪ್ಪೊಪ್ಪಿಕೊಂಡೆ. "ಹಂಗಾರ ಏನ್ ಮಾಡೋದ್ರಿ ಸರ್?" ಎಂದ. ಉತ್ತರ ಇಬ್ಬರಿಗೂ ಗೊತ್ತಿತ್ತು. ಹಾರ್ನ್ ಕೇಳಿ ನಾನು ಬಸ್ಸು ಹತ್ತಿದೆ; ಆ ಬಸ್ಸಿನಲ್ಲಿ ಅದೇ ಕೊನೆ.

ಈಗ ಕುರುಗೋಡು ಮುಟ್ಟದೆ ತೆಕ್ಕಲಕೋಟೆಯ ಮೇಲೆ ಹೋಗುವ ನೇರ ಬಸ್ಸಿನಲ್ಲಿ ಹೋಗುತ್ತೇನೆ. ಅರ್ಧ ಗಂಟೆ ಮೊದಲೇ ಕಾಲೇಜು ಮುಟ್ಟಿ, ಬೀಗ ತೆಗೆಯದ ಕೊಠಡಿಯ ಮುಂದೆ ಸುಮ್ಮನೆ ನಿಂತಿರುತ್ತೇನೆ. ಮೊನ್ನೆ ಖಾಜಾನ ಹೆಂಡತಿ ಫೋನ್ ಮಾಡಿದ್ದಳು. ಬೀಡಿ ಬಿಟ್ಟು ಎಂಟು ತಿಂಗಳಾಯಿತಂತೆ, ಕೆಮ್ಮು ಇಳಿದಿದೆಯಂತೆ. ಹಿಂದೆಲ್ಲ ಮಾತು ಮುಗಿಸುವಾಗ "ಮನಿಗೆ ಬರ್ರಿ" ಎನ್ನುತ್ತಿದ್ದವಳು ಈ ಸಲ ಎನ್ನಲಿಲ್ಲ. ಸರಿಯಾಗಿಯೇ ಮಾಡಿದಳು.