ಸೀಸೆಯ ಮೇಲೆ ಅಕ್ಕನ ಮುಖ

ನಮ್ಮ ಮನೆಯ ಜಾಮ್ ಸೀಸೆಯ ಮೇಲೆ ನನ್ನ ವಾರಗಿತ್ತಿಯ ಮುಖವಿತ್ತು. ನನ್ನ ಗಂಡನ ಅಣ್ಣನ ಹೆಂಡತಿ ಅವಳು. ನಾನು ಅಕ್ಕ ಎನ್ನುತ್ತಿದ್ದೆ. ಮುಖದ ಕೆಳಗೆ ಕೆಂಪಕ್ಷರದಲ್ಲಿ ‘ದೊಡ್ಡ ಸೊಸೆ ಕೈಯಾರೆ ಮಾಡಿದ ಅಪ್ಪಟ ಸ್ಟ್ರಾಬೆರಿ ಜಾಮ್’ ಎಂದು ಅಚ್ಚಾಗಿತ್ತು. ಕೈಯಾರೆಯಂತೆ! ಹಿಂದಿನ ಕೋಣೆಯಲ್ಲಿ ಎಂಟು ವರ್ಷ ಆ ಕೊಪ್ಪರಿಗೆ ಕದಡಿದ ಕೈ ನನ್ನದು. ಪಾಕ ಸಿಡಿದ ಕಲೆಗಳು ಮೊಣಕೈವರೆಗೆ ಇವೆ, ಬೇಕಾದರೆ ಬಂದು ನೋಡಿ.

ಅಕ್ಕ ಮಾಡುತ್ತಿದ್ದುದೇನು ಗೊತ್ತೇ? ಮುಂದಿನ ಅಂಗಡಿಯಲ್ಲಿ ನಿಂತು ನಗುವುದು. ಗಿರಾಕಿಗಳ ಮಕ್ಕಳ ಜ್ವರ, ಅವರ ಅಜ್ಜಿಯ ಮಂಡಿನೋವು, ಎಲ್ಲವೂ ಅವಳಿಗೆ ನೆನಪು. ದಿನವಿಡೀ ನಿಂತು ಸಂಜೆಗೆ ಅವಳ ಕಾಲು ಊದಿಕೊಳ್ಳುತ್ತಿತ್ತು. ಇದ್ದದ್ದನ್ನು ಹೇಳಬೇಕಲ್ಲ ಎಂದು ಹೇಳಿದೆ, ಕನಿಕರದಿಂದಲ್ಲ. “ನಿಮ್ಮ ಕೈಗುಣವೇ ಕೈಗುಣ ಬಿಡಿ” ಎಂದು ಯಾರಾದರೂ ಹೊಗಳಿದರೆ, “ಅಯ್ಯೋ, ನನ್ನದೇನಿದೆ, ಎಲ್ಲಾ ಒಳಗಿರೋ ನನ್ನ ತಂಗೀದು” ಎನ್ನುತ್ತಿದ್ದಳು. ಅವರು ಅದನ್ನೂ ವಿನಯ ಎಂದುಕೊಂಡು ಇನ್ನಷ್ಟು ಹೊಗಳುತ್ತಿದ್ದರು. ಗೋಡೆಯ ಈಚೆ ನನ್ನ ಹೊಟ್ಟೆ ಉರಿದು ಹೋಗುತ್ತಿತ್ತು.

ಒಮ್ಮೆ ಅತ್ತೆಯನ್ನು ಕೇಳಿಯೂ ಬಿಟ್ಟೆ. “ಒಂದು ಮೂಲೇಲಿ ನನ್ನ ಹೆಸರೂ ಹಾಕಿಸಬಾರದಾ ಅತ್ತೆ?”

“ಜಾಮ್ ಸೀಸೆ ಏನು ಮದುವೆ ಕಾರ್ಡಾ, ಮನೆಮಂದಿ ಹೆಸರೆಲ್ಲಾ ಹಾಕ್ಸೋಕೆ?” ಎಂದರು.

ಆ ಜಾಮಿನ ಗುಟ್ಟೂ ನನ್ನದೇ. ಸ್ಟ್ರಾಬೆರಿ ಸರಿಯಾಗಿ ಸಿಗದ ವರ್ಷ ಸಿಹಿಗುಂಬಳ ಬೇಯಿಸಿ, ಬಣ್ಣ ಹಾಕಿ, ಹಣ್ಣನ್ನು ಹೆಸರಿಗಷ್ಟು ಸೇರಿಸಿದೆವು. ನೋಡಿದರೆ ಬೀಜವೇ ಇಲ್ಲ, ಬೋಳು ಬೋಳು. ಹುಲ್ಲಿನ ಬೀಜವನ್ನು ಜರಡಿ ಹಿಡಿದು, ತೊಳೆದು, ಹುರಿದು ಬೆರೆಸುವ ಉಪಾಯ ಹೊಳೆದದ್ದು ನನಗೆ. ಮನೆಮಂದಿಯೆಲ್ಲ ಬೆರಗಾದರು. ಅಕ್ಕ ಮಾತ್ರ “ಇದೆಲ್ಲಾ ಬೇಡ ಕಣೇ” ಎಂದಳು. ನನ್ನ ಜಾಣತನ ಕಂಡು ಅವಳಿಗೆ ಹೊಟ್ಟೆಕಿಚ್ಚು ಎಂದುಕೊಂಡೆ.

ಆ ವರ್ಷವೇ ಸರ್ಕಾರದ ಹೊಸ ಕಾನೂನು ಬಂತು: ಲೇಬಲ್ಲಿನ ಮೇಲೆ ಬರೆದದ್ದೇ ಸೀಸೆಯೊಳಗೂ ಇರಬೇಕು. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಒಂದು ಮಧ್ಯಾಹ್ನ ಇನ್‌ಸ್ಪೆಕ್ಟರ್ ಬಂದರು. ಸೀಸೆ ತೆರೆದು, ಜಾಮನ್ನು ಬಿಳಿ ತಟ್ಟೆಯಲ್ಲಿ ಹರಡಿ, ನೀರು ಬಿಟ್ಟು, ಚಿಮುಟದಲ್ಲಿ ಒಂದು ಬೀಜ ಎತ್ತಿ ಭೂತಗನ್ನಡಿಯಲ್ಲಿ ನೋಡಿದರು. ನಾನು ಬಾಗಿಲ ಮರೆಯಲ್ಲಿದ್ದೆ.

“ಭಲೇ! ಇಷ್ಟು ನಾಜೂಕು ಕೆಲಸ ನಾನೆಲ್ಲೂ ನೋಡಿಲ್ಲ. ಯಾರ ಕೈಚಳಕ ಇದು?” ಎಂದರು.

“ಮಾಡಿದ್ದು ನಾನೇ ಸ್ವಾಮಿ” ಎಂದಳು ಅಕ್ಕ.

ಇದನ್ನೂ ಬಾಚಿಕೊಳ್ಳುತ್ತಾಳಲ್ಲಪ್ಪಾ! ನನಗೆ ಮೈಯೆಲ್ಲ ಉರಿಯಿತು. ಸೌಟು ಹಿಡಿದುಕೊಂಡೇ ಹೊರಗೆ ನುಗ್ಗಿದೆ.

“ಅವಳಲ್ಲ, ನಾನು! ಬೀಜ, ಬಣ್ಣ, ಎಲ್ಲಾ ನಂದೇ. ಅವಳಿಗೆ ಸೌಟು ಹಿಡಿಯೋಕೂ ಬರಲ್ಲ!”

“ಒಳ್ಳೇದಾಯ್ತು ತಾಯಿ. ಹೆಸರು ಸರಿಯಾಗಿ ಹೇಳಿ” ಎಂದು ಅವರು ಪೆನ್ನು ತೆಗೆದರು. ನಾನು ಎರಡು ಸಲ ಹೇಳಿದೆ, ಅಪ್ಪನ ಹೆಸರನ್ನೂ ಸೇರಿಸಿ. ಅಕ್ಕ ಹಣೆ ಚಚ್ಚಿಕೊಂಡಳು.

ಜಾಮೆಲ್ಲ ಚರಂಡಿ ಪಾಲಾಯಿತು. ಅಂಗಡಿಗೆ ಬೀಗ ಬಿತ್ತು. ಬಾಗಿಲಿಗೆ ಸರ್ಕಾರದ ನೋಟೀಸು ಅಂಟಿಸಿದರು: ಸುಳ್ಳು ಲೇಬಲ್ ಹಚ್ಚಿ ಜನರಿಗೆ ಮೋಸ ಮಾಡಿದವರು, ಕೆಳಗೆ ನನ್ನ ಹೆಸರು, ಒಂದೇ ಒಂದು. ಬೀದಿಯವರು ಅದನ್ನು ಗಟ್ಟಿಯಾಗಿ ಓದುತ್ತಿದ್ದರು. ಎರಡು ದಿನ ನಾನು ಹೊಸ್ತಿಲು ದಾಟಲಿಲ್ಲ.

ಮೂರನೆಯ ದಿನ ನೋಟೀಸು ಬದಲಾಗಿತ್ತು. ಅಕ್ಕ ಕಚೇರಿಗೆ ಹೋಗಿ, “ಮಾರಿದವಳು ನಾನು, ನನ್ನ ಹೆಸರೂ ಬರೀರಿ” ಎಂದು ಹಟ ಹಿಡಿದು ಬರೆಸಿದ್ದಳು. ಹಿರಿಯಳೆಂದು ಅವಳ ಹೆಸರು ಮೇಲೆ, ನನ್ನದು ಕೆಳಗೆ.

“ನಿನ್ನನ್ನ ಯಾರು ಕರೆದ್ರು? ಯಾಕೆ ಹೋದೆ?” ಎಂದು ಕಿರುಚಿದೆ.

“ನಿನ್ನೊಬ್ಬಳನ್ನೇ ಜನರ ಬಾಯಿಗೆ ಹೇಗೆ ಬಿಡ್ಲಿ ಕಣೇ?” ಎಂದಳು.

ಹೊರಗೆ ಯಾರೋ “ಪಾಪ, ಆ ದೊಡ್ಡ ಸೊಸೆ ಬಂಗಾರದಂಥವಳು” ಎನ್ನುತ್ತಿದ್ದರು. ಅದು ನಿಜ. ಇನ್ನು ಮೇಲೆ ಮನಸ್ಸಿನಲ್ಲೂ ಅವಳನ್ನು ಬಯ್ಯಲು ಆಗದಂತೆ ಮಾಡಿಬಿಟ್ಟಳಲ್ಲ, ಆ ಹೊಟ್ಟೆಕಿಚ್ಚು ನನಗೆ ಇವತ್ತಿಗೂ ಆರಿಲ್ಲ.