ನೋರಾ ಅಜ್ಜಿಯ ಏಳನೆಯ ನುಡಿ

ಪಂಚಾಕ್ಷರಯ್ಯನವರು ಮಾರ್ಚ್ ಹದಿನಾಲ್ಕರಂದು, ಗುರುವಾರ ಮಧ್ಯಾಹ್ನ, ಅಮೆರಿಕದ ಮೆಟುಚೆನ್‌ನಲ್ಲಿ ತೀರಿಕೊಂಡರು. ಅರವತ್ತೆಂಟು ವರ್ಷ. ಹೃದಯಾಘಾತ.

ಗದಗ ಕಡೆಯವರು, ನಿವೃತ್ತ ಎಂಜಿನಿಯರ್. ಆರು ವರ್ಷದ ಹಿಂದೆ ಚರ್ಚಿನ ಬೇಸ್‌ಮೆಂಟಿನಲ್ಲಿ ಪಿಟೀಲು ಕೇಳಿಸಿತೆಂದು ಇಳಿದುಹೋದವರು, ಪ್ರತಿ ಗುರುವಾರ ಅಲ್ಲಿ ಸೇರುವ ಐರಿಶ್ ಹಾಡು-ಕುಣಿತದ ಕೂಟವನ್ನು ಬಿಡಲೇ ಇಲ್ಲ. ಒಂದು ಕಾಲಕ್ಕೆ ಅಲ್ಲಿ ನಲವತ್ತು ಜನ ಕುಣಿಯುತ್ತಿದ್ದರಂತೆ. ಸತ್ತವರ ಕುರ್ಚಿಯನ್ನು ಆ ಕೂಟ ಎತ್ತಿಡುವುದಿಲ್ಲ. ಈ ಚಳಿಗಾಲದ ಹೊತ್ತಿಗೆ ಕೂತವರಿಗಿಂತ ಖಾಲಿ ಕುರ್ಚಿಗಳೇ ಹೆಚ್ಚಾಗಿದ್ದವು.

ಕೂಟದಲ್ಲಿದ್ದ ತೊಂಬತ್ತೊಂದು ವರ್ಷದ ನೋರಾ ಅಜ್ಜಿಗೆ ಒಂದು ಹಾಡು ಬರುತ್ತಿತ್ತು. ಐರಿಶ್ ಭಾಷೆಯದು, ಏಳು ನುಡಿ. ಐರ್ಲೆಂಡಿನ ಅವಳ ಊರಿನಲ್ಲೂ ಈಗ ಅದನ್ನು ಹಾಡುವವರಿಲ್ಲ. ಬರೆದುಕೊಳ್ಳಲು, ರೆಕಾರ್ಡ್ ಮಾಡಲು ಅವಳು ಬಿಡಳು. ಅವಳ ಕೈ ಹಿಡಿದು, ಹಾಡಿನ ಲಯಕ್ಕೆ ಮೆಲ್ಲಗೆ ತಿರುಗಿಸುತ್ತ ಬಾಯಿಂದ ಬಾಯಿಗೆ ಕಲಿಯಬೇಕು. ಭಜನೆಯಲ್ಲಿ ಒಬ್ಬರು ಅಂದದ್ದನ್ನು ಮತ್ತೆ ಅನ್ನುತ್ತಲೇ ಬೆಳೆದ ಪಂಚಾಕ್ಷರಯ್ಯನವರಿಗೆ ಇದು ಹೊಸದೆನಿಸಲಿಲ್ಲ. ಅಜ್ಜಿ ಹೋಗುವುದರೊಳಗೆ ಏಳೂ ಬರಬೇಕೆಂಬುದು ಅವರ ಹಟ.

ಕೂಟಕ್ಕೆ ಚಹಾ ಮಾಡಲು ಬರುತ್ತಿದ್ದ ಕನ್ನಡದ ಹುಡುಗಿ ಪಂಕಜಾಳನ್ನೂ ಕಲಿಯಲು ಕರೆದರು.

“ನನ್ ಕೈಲಿ ಆಗಲ್ಲ ಅಂಕಲ್. ಫೋನಲ್ಲಿ ರೆಕಾರ್ಡ್ ಮಾಡ್ಕೊಂಡ್ರೆ ಮುಗೀತಲ್ಲ.”

“ನಿನ್ನ ಫೋನಿಗೆ ಅಜ್ಜಿ ಕೈ ಹಿಡಿಯಾಕ ಬರ್ತೈತೇನವಾ?” ಎಂದರು. ಪಂಕಜಾ ನಕ್ಕು ಒಳಗೆ ಹೋದಳು.

ಅಜ್ಜಿ ಕೆಮ್ಮಿದರೆ ಎಲ್ಲರೂ ಅವಳತ್ತ ತಿರುಗುತ್ತಿದ್ದರು. ಅವಳ ತೋಳು ಹಿಡಿದು ಮೆಟ್ಟಿಲಿಳಿಸುತ್ತಿದ್ದ ಪಂಚಾಕ್ಷರಯ್ಯನವರು ನಡುವೆ ಎರಡು ಸಲ ನಿಲ್ಲತೊಡಗಿದ್ದನ್ನು ಪಂಕಜಾ ಮಾತ್ರ ಕಂಡಳು. ನಿಲ್ಲುತ್ತಿದ್ದುದು ಅಜ್ಜಿಗಾಗಿ ಅಲ್ಲ. ಫೆಬ್ರವರಿಯಲ್ಲಿ ಅವರು ಎಡಗೈ ತಿಕ್ಕಿಕೊಳ್ಳತೊಡಗಿದರು. ಡಾಕ್ಟರ ಅಪಾಯಿಂಟ್‌ಮೆಂಟ್ ಗುರುವಾರವೇ ಬಿತ್ತೆಂದು ಎರಡು ಸಲ ಮುಂದೂಡಿದರು.

“ಒಂದ ನುಡಿ ಉಳದೈತಿ. ವೀರಬಸಮ್ಮನ ಮುಂದ ಹೇಳಬ್ಯಾಡ.”

ಅವರ ಹೆಂಡತಿಗೆ ಹೇಳುವುದಿಲ್ಲವೆಂದು ಪಂಕಜಾ ಮಾತು ಕೊಟ್ಟಳು. ಉಳಿಸಿಕೊಂಡಳು ಕೂಡ.

ಮಾರ್ಚ್ ಹದಿನಾಲ್ಕರ ಗುರುವಾರ ಅಜ್ಜಿ ಗೆಲುವಾಗಿದ್ದಳು. ಪಂಚಾಕ್ಷರಯ್ಯನವರು ಅವಳ ಕೈ ಹಿಡಿದು ಆರು ನುಡಿಗಳನ್ನು ತಪ್ಪಿಲ್ಲದೆ ಹಾಡಿದರು. ಏಳನೆಯದನ್ನು ಅಜ್ಜಿ ಹೇಳಿಕೊಡತೊಡಗಿದಳು. ಅರ್ಧಕ್ಕೆ ಅವರ ಕೈ ತಿರುಗುವುದು ನಿಂತಿತು. ಮುಖವೆಲ್ಲ ಬೆವರು. ಅಜ್ಜಿ ಕಣ್ಣು ಮುಚ್ಚಿಕೊಂಡು ಹಾಡುತ್ತಲೇ ಇದ್ದಳು. ಯಾರೋ ಆಂಬುಲೆನ್ಸಿಗೆ ಫೋನ್ ಮಾಡಿದರು. ಪಂಕಜಾ ಓಡಿಬಂದು ಅವರ ಮುಂದೆ ಮೊಣಕಾಲೂರಿದಳು. ಅವರು ತಮ್ಮ ಕೈ ಬಿಡಿಸಿಕೊಂಡು, ಪಂಕಜಾಳ ಕೈಯನ್ನು ಎತ್ತಿ ನೋರಾ ಅಜ್ಜಿಯ ಅಂಗೈಯಲ್ಲಿಟ್ಟರು.