ಪಕ್ಕದ ಸೀಟಿನ ಬ್ರೇಕು

ಅವಳ ಬಲಗಾಲಿನ ಚಪ್ಪಲಿ ಎಡಗಾಲಿನದಕ್ಕಿಂತ ಆರು ತಿಂಗಳು ಮೊದಲೇ ಸವೆಯುತ್ತಿತ್ತು. ಚಪ್ಪಲಿ ಹೊಲಿಯುವವನು ಪ್ರತಿ ಸಲವೂ ಅದನ್ನು ಮಗುಚಿ ನೋಡಿ, "ಒಂದೇ ಕಾಲಲ್ಲಿ ನಡೀತೀರಾ ಮೇಡಂ?" ಎಂದು ಕೇಳುತ್ತಿದ್ದ. ಅವಳಿಗೆ ನಗು ಬರುತ್ತಿರಲಿಲ್ಲ. ಹತ್ತೊಂಬತ್ತು ವರ್ಷ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ, ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ಕಲಿಸುವವರಿಗೆಂದೇ ಅಲ್ಲಿ ಹಾಕಿಸಿದ ಎರಡನೇ ಬ್ರೇಕನ್ನು ಒತ್ತಿ ಒತ್ತಿ ಪಳಗಿದ ಕಾಲು ಅದು. ಅವಳ ಹೆಸರು ಊರಿಗೆ ಮರೆತೇ ಹೋಗಿತ್ತು. ಬ್ರೇಕ್ ಮೇಡಂ ಎಂದರೆ ಸಾಕು, ಮನೆ ತೋರಿಸುತ್ತಿದ್ದರು.

ಆ ಕಾಲಿಗೆ ರಜೆ ಎಂಬುದೇ ಇರಲಿಲ್ಲ. ಟಿವಿಯಲ್ಲಿ ಕಾರೊಂದು ಜೋರಾಗಿ ತಿರುಗಿದರೆ ಸೋಫಾದಲ್ಲಿ ಕೂತವಳ ಕಾಲು ನೆಲ ಒತ್ತುತ್ತಿತ್ತು. ಗಂಡನ ಸ್ಕೂಟರಿನ ಹಿಂದೆ ಕೂತರೆ ಅವನ ಹಿಮ್ಮಡಿಗೇ ಬೀಳುತ್ತಿತ್ತು. "ಅದು ನನ್ನ ಹಿಮ್ಮಡಿ ಕಣೇ, ಬ್ರೇಕಲ್ಲ" ಎಂದು ಅವನು ಹೇಳಿ ಹೇಳಿ ಸುಸ್ತಾಗಿ, ಕೊನೆಗೆ ದಪ್ಪ ಬೂಟು ಕೊಂಡಿದ್ದ.

ಆಗ ಅವಳ ಬಳಿ ಕಲಿಯುತ್ತಿದ್ದವರು ಕನ್ನಡಕದಂಗಡಿಯವರು. ನಲವತ್ತು ದಿನ ಕಳೆದಿತ್ತು. ಊರಿಗೆಲ್ಲ ಕಣ್ಣು ಕೊಟ್ಟ ಪುಣ್ಯಾತ್ಮರಿಗೆ ಎದುರಿನ ಲಾರಿ ಕಾಣುತ್ತಿರಲಿಲ್ಲ. ಲಾರಿಗೆ ಒಂದು ಮಾರು ಉಳಿದಾಗ ಇವಳು ಸದ್ದಿಲ್ಲದೆ ಕಾಲು ಒತ್ತುತ್ತಿದ್ದಳು. ಕಾರು ನಿಲ್ಲುತ್ತಿತ್ತು. "ಹೇಗೆ ನಿಲ್ಲಿಸಿದೆ ನೋಡಿದ್ರಾ ಮೇಡಂ?" ಎಂದು ಅವರು ಎದೆ ಉಬ್ಬಿಸುತ್ತಿದ್ದರು. "ಚೆನ್ನಾಗಿ ನಿಲ್ಲಿಸಿದ್ರಿ ಸಾರ್" ಎಂದು ಇವಳು ಹೇಳುತ್ತಿದ್ದಳು. ಹೊಗಳಿದರೆ ಜನ ಉಳಿಯುತ್ತಾರೆ, ನಿಜ ಹೇಳಿದರೆ ರಸ್ತೆಯ ಆಚೆ ಬದಿಯ ಸ್ಕೂಲಿಗೆ ಹೋಗುತ್ತಾರೆ. ಹೀಗೆ ಹೊಗಳಿಸಿಕೊಂಡು ಲೈಸೆನ್ಸ್ ಪಡೆದವರು ಇವತ್ತು ನಿಮ್ಮ ಮಕ್ಕಳು ದಾಟುವ ರಸ್ತೆಯಲ್ಲೇ ಓಡಿಸುತ್ತಿದ್ದಾರೆ. ಪಕ್ಕದ ಸೀಟು ಈಗ ಖಾಲಿ.

ಆಚೆ ಬದಿಯ ಆ ಸ್ಕೂಲಿಗೆ ಒಂದು ಕೆಂಪು ಕಾರಿತ್ತು. ಆ ಬಣ್ಣ ಕಂಡರೇ ಅವಳಿಗೆ ಮೈಯುರಿ. ಅಂಥದ್ದರಲ್ಲಿ ಹದಿನೆಂಟು ತುಂಬಿದ ಸ್ವಂತ ಮಗಳು ಒಂದು ಸಂಜೆ ಅಲ್ಲಿನ ಫಾರಂ ತಂದು ಊಟದ ಮೇಜಿನ ಮೇಲಿಟ್ಟಳು.

"ಮನೇಲೇ ಮೇಡಂ ಇಟ್ಕೊಂಡು ಅಲ್ಲಿಗೆ ಹೋಗ್ತೀಯಾ? ಜನ ನನ್ನ ಮುಖ ನೋಡಿ ನಗಲ್ವಾ?"

"ನಗಲಿ ಬಿಡಮ್ಮ. ನಿನ್ನ ಪಕ್ಕ ಕೂತು ಮೂರು ಸಲ ಓಡಿಸ್ದೆ. ಮೂರು ಸಲನೂ ಓಡಿಸಿದ್ದು ನೀನು. ನಾನು ಸ್ಟೇರಿಂಗಿಗೆ ಕೈ ಒರಗಿಸ್ಕೊಂಡು ಕೂತಿದ್ದೆ, ಅಷ್ಟೆ."

ಮಾತು ಚುಚ್ಚಿತು. ಸುಳ್ಳಾಗಿದ್ದರೆ ಅಷ್ಟು ಚುಚ್ಚುತ್ತಿರಲಿಲ್ಲ.

ಅದೇ ವಾರ ಅವಳ ಸ್ಕೂಲಿನ ಯಜಮಾನ ಎರಡು ಹೊಸ ಎಟಿವಿಗಳನ್ನು ತರಿಸಿ ಶೆಡ್ಡಿನಲ್ಲಿ ನಿಲ್ಲಿಸಿದ್ದ. ನಾಲ್ಕು ದಪ್ಪ ಚಕ್ರ, ಬೈಕಿನ ಹ್ಯಾಂಡಲ್ಲು. ಒಂದು ಹಸಿರು, ಒಂದು ಹಳದಿ. ಗುಡ್ಡದ ದಾರಿಯಲ್ಲಿ ಸವಾರಿ ಕಲಿಸುವ ಹೊಸ ಕೋರ್ಸು ಶುರುವಾಗಬೇಕಂತೆ. ಕಲಿಸುವವಳು ಇವಳಂತೆ.

"ನಾನೇ ಹತ್ತಿಲ್ಲ ಸಾರ್ ಇದನ್ನ. ಏನು ಕಲಿಸ್ಲಿ?"

"ಭಾನುವಾರ ಹತ್ತಿ, ಸೋಮವಾರ ಕಲಿಸಿ. ಈಜು ಕಲಿಸೋರೆಲ್ಲ ಮೀನಾಗಿ ಹುಟ್ಟಿರ್ತಾರಾ?"

ನೀರಿಗಿಳಿಯದವನಿಗೆ ಈ ಮಾತು ಸುಲಭ. ಆದರೆ ಅವಳಿಗೆ ಆ ಎರಡು ಗಾಡಿಗಳಲ್ಲಿ ಬೇರೆಯೇ ಒಂದು ದಾರಿ ಕಂಡಿತು. ಮನೆಗೆ ಹೋಗಿ ಮಗಳಿಗೆ ಹೇಳಿದಳು: "ಭಾನುವಾರ ಗುಡ್ಡಕ್ಕೆ ಬಾ. ನಿನ್ನ ಗಾಡಿ ನಿಂದು, ನನ್ನ ಗಾಡಿ ನಂದು. ನಾನು ಕಾಲು ಹಾಕೋಕೆ ಅಲ್ಲಿ ಜಾಗಾನೇ ಇಲ್ಲ."

ಮಗಳು ಫಾರಂ ಕೈಗೆತ್ತಿಕೊಂಡಳು. "ಸರಿ. ಹತ್ತಿ ಇಳಿಯೋ ತನಕ ನೀನು ಮೂಗು ತೂರಿಸ್ಲಿಲ್ಲ ಅಂದ್ರೆ ಈ ಫಾರಂ ಹರಿದು ಹಾಕ್ತೀನಿ, ನಿನ್ನ ಹತ್ರಾನೇ ಕಲೀತೀನಿ. ಒಂದು ಸಲ ತೂರಿಸಿದ್ರೂ ಸೋಮವಾರ ಕೆಂಪು ಕಾರು."

"ಆಯ್ತು ಕಣೇ, ಮಾತು ಅಂದ್ರೆ ಮಾತು."

ಶನಿವಾರ ಬೀಗದ ಕೈ ಕೊಡುವಾಗ ಯಜಮಾನ ಅಂಗೈಯಲ್ಲಿ ಇನ್ನೊಂದು ವಸ್ತು ಇಟ್ಟ. ಬೆಂಕಿಪೊಟ್ಟಣದಷ್ಟು ದೊಡ್ಡದು, ನಡುವೆ ಒಂದೇ ಗುಂಡಿ. "ಹಸಿರು ಗಾಡೀದು ರಿಮೋಟು. ಬಾಡಿಗೆಗೆ ತಗೊಂಡೋರು ಹುಚ್ಚಾಟ ಆಡಿದ್ರೆ ಇದನ್ನೊತ್ತಿ, ಇಂಜಿನ್ ಆಫ್. ಐವತ್ತು ಮೀಟರ್ ತನಕ ಕೆಲಸ ಮಾಡುತ್ತೆ. ಬ್ರೇಕಿಲ್ಲದೆ ನಿಮಗೆ ಊಟ ಸೇರಲ್ಲ ಅಂತ ಗೊತ್ತು ನನಗೆ."

ಅವಳು ಅದನ್ನು ಅಲ್ಲೇ ಬಿಟ್ಟು ಬರಬಹುದಿತ್ತು. ಒತ್ತಬಾರದು ಎಂಬುದಷ್ಟೇ ಮಾತು, ಜೇಬಿನಲ್ಲಿ ಇರಬಾರದು ಎಂದೇನೂ ಇಲ್ಲವಲ್ಲ ಎಂದು ಲೆಕ್ಕ ಹಾಕಿದಳು. ಮರುದಿನ ಬೆಳಗ್ಗೆ, "ನೀನು ಹಸಿರುದು ತಗೋ, ನಿನ್ನ ಅಂಗಿಗೆ ಒಪ್ಪುತ್ತೆ" ಎಂದಳು. ಮಗಳ ಅಂಗಿ ನೀಲಿ ಬಣ್ಣದ್ದಾಗಿತ್ತು.

ಗುಡ್ಡದ ಬುಡದ ಗೇಟಿನಲ್ಲಿ ಕಾವಲಿನವನು ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡ. ಬಿದ್ದರೆ, ಮುರಿದರೆ, ಸತ್ತರೆ ಯಾರೂ ಹೊಣೆಯಲ್ಲ ಎಂದು ಬರೆದಿತ್ತು. "ಹಾಗಾದ್ರೆ ನೀವಿಲ್ಲಿ ಯಾಕಿದೀರಿ?" ಎಂದು ಕೇಳಿದಳು. "ಸಹಿ ಹಾಕಿಸ್ಕೊಳ್ಳೋಕೆ" ಎಂದ.

ಅಲ್ಲಿಂದಲೇ ಅವಳ ಗ್ರಹಚಾರ ಕೆಟ್ಟಿತು. ಗಾಡಿಗೆ ವೇಗ ಕೊಡುವುದು ಹೆಬ್ಬೆರಳಿನಿಂದ. ಹತ್ತೊಂಬತ್ತು ವರ್ಷ ಸುಮ್ಮನೆ ಕೂತಿದ್ದ ಆ ಬೆರಳಿಗೆ ಹದ ಎಂಬುದೇ ತಿಳಿಯದು. ಒತ್ತಿದರೆ ಗಾಡಿ ನೆಗೆಯುತ್ತಿತ್ತು, ಬಿಟ್ಟರೆ ಮುಗ್ಗರಿಸುತ್ತಿತ್ತು. ಮೊದಲ ತಿರುವಿನಲ್ಲೇ ಮುಳ್ಳಿನ ಪೊದೆಗೆ ನುಗ್ಗಿದಳು.

"ಕ್ಲಚ್ ಹುಡುಕ್ತಿದೀರಾ ಮೇಡಂ?" ಮಗಳು ಹಿಂದಿರುಗಿ ನೋಡಿ ನಕ್ಕಳು.

"ಮುಂದೆ ನೋಡಿ ಓಡಿಸು."

"ಇದು ಮೂಗು ತೂರಿಸಿದ ಲೆಕ್ಕಕ್ಕೆ ಬರುತ್ತಾ ಅಂತ ಯೋಚಿಸ್ತಿದೀನಿ."

ಹಲ್ಲು ಕಚ್ಚಿ ಬಾಯಿ ಮುಚ್ಚಿದಳು. ಮುಚ್ಚುವ ಮುಂಚೆಯೇ ಮುಂದಿನ ಗಾಡಿಯ ಧೂಳೆಲ್ಲ ಬಾಯಿ ಸೇರಿತ್ತು. ಹೆಲ್ಮೆಟ್ಟಿನ ಗಾಜು ಉಸಿರಿಗೆ ಮಬ್ಬಾಗುತ್ತಿತ್ತು, ಎತ್ತಿದರೆ ಮಣ್ಣು. ಮುಂದೆ ಮಗಳು ಕಲ್ಲು ಬಂದಲ್ಲಿ ನಿಧಾನವಾಗಿ, ಬಯಲು ಬಂದಲ್ಲಿ ಜೋರಾಗಿ, ಯಾರೂ ಹೇಳಿಕೊಡದೆ ಹೋಗುತ್ತಿದ್ದಳು. ತಾಯಿಗೆ ಹೆಮ್ಮೆ ಪಡಲು ಪುರುಸೊತ್ತಿರಲಿಲ್ಲ. ಪ್ರತಿ ತಿರುವಿನಲ್ಲೂ ಅವಳ ಬಲಗಾಲು, ಪಾದ ಊರುವ ಬರಿಯ ತಗಡನ್ನು ಒತ್ತುತ್ತಿತ್ತು. ಏನೂ ನಿಲ್ಲುತ್ತಿರಲಿಲ್ಲ. ಅಷ್ಟು ಹೊತ್ತಿಗೆ ಆ ಕಾಲನ್ನು ಕಡಿದು ಎಸೆಯಬೇಕು ಅನ್ನಿಸಿತ್ತು.

ಅರ್ಧ ದಾರಿಯಲ್ಲಿ ಕಡಿದಾದ ಏರು. ಸಡಿಲ ಜಲ್ಲಿ, ಒಂದು ಬದಿಗೆ ಮಣ್ಣಿನ ದಿಬ್ಬ, ಇನ್ನೊಂದು ಬದಿಗೆ ಇಳಿಜಾರು. 'ಒಬ್ಬರು ಮೇಲೆ ಮುಟ್ಟಿದ ನಂತರವೇ ಇನ್ನೊಬ್ಬರು' ಎಂಬ ಹಲಗೆ. ಮಗಳು ಹೊರಟಳು. ತಾಯಿ ಬುಡದಲ್ಲಿ ಇಂಜಿನ್ ಆರಿಸಿ ನಿಂತಳು. ಕೈಗೆ ಕೆಲಸವಿರಲಿಲ್ಲ, ಅದೇ ಮುಳುವಾಯಿತು.

ಮಗಳು ಪಾದ ಊರುವ ತಗಡಿನ ಮೇಲೆ ಎದ್ದು ನಿಂತು, ಮೈಯನ್ನು ಮುಂದಕ್ಕೆ ಬಾಗಿಸಿ, ಒಂದೇ ಹದದಲ್ಲಿ ಹತ್ತುತ್ತಿದ್ದಳು. ಮುಕ್ಕಾಲು ಮುಗಿದಿತ್ತು. ಮುಂದಿನ ಚಕ್ರ ಒಂದು ಕಲ್ಲಿಗೆ ತಾಗಿ ಗೇಣುದ್ದ ಎದ್ದಿತು. ಅಷ್ಟೇ. ಆ ಗಾಡಿಗಳಿಗೆ ಅದೊಂದು ವಿಷಯವೇ ಅಲ್ಲ. ತಾಯಿಯ ಕಾಲು ನೆಲ ಒತ್ತಿತು, ನೆಲ ಅಲುಗಲಿಲ್ಲ, ಕೈ ಜೇಬಿಗೆ ಹೋಯಿತು.

ಇಂಜಿನ್ ಸತ್ತಿತು. ಎಳೆತ ತಪ್ಪಿದ ಗಾಡಿ ಹಿಂದಕ್ಕೆ ಉರುಳತೊಡಗಿತು. ಮಗಳು ಎರಡೂ ಬ್ರೇಕು ಹಿಡಿದಳು. ಜಲ್ಲಿ ಹಿಡಿತ ಕೊಡಲಿಲ್ಲ. ಗಾಡಿ ಜಾರಿತು, ಇಳಿಜಾರಿನ ಕಡೆಗೆ ಒಮ್ಮೆ ವಾಲಿತು. ಮಗಳು ಹ್ಯಾಂಡಲ್ಲು ತಿರುಗಿಸಿ ಹಿಂದಿನ ಚಕ್ರವನ್ನು ದಿಬ್ಬಕ್ಕೆ ತಾಗಿಸಿದಳು. ನಿಂತಿತು. ಅವಳು ಮೇಲಿನ ಬದಿಗೆ ಹಾರಿಕೊಂಡಳು.

ತಾಯಿ ಏದುಸಿರು ಬಿಡುತ್ತ ಅಲ್ಲಿಗೆ ಓಡಿ ಮುಟ್ಟಿದಾಗ ಮಗಳು ತರಚಿದ ಮೊಣಕೈ ಹಿಡಿದು ಕೂತಿದ್ದಳು.

"ನಾನೇನು ತಪ್ಪು ಮಾಡ್ದೆ ಅಮ್ಮ? ಹೆಬ್ಬೆರಳು ತೆಗೀಲೇ ಇಲ್ಲ. ಯಾರೋ ಆಫ್ ಮಾಡಿದ ಹಾಗೆ ನಿಂತ್ಹೋಯ್ತು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುತ್ತಾರಲ್ಲ, ತಾಯಿಯ ಕೈ ಹಾಗೆಯೇ ಜೇಬು ಮುಟ್ಟಿತು. ಮಗಳು ನೋಡಲಿಲ್ಲ. ಅವಳು ತನ್ನ ಹೆಬ್ಬೆರಳನ್ನೇ ನೋಡುತ್ತಿದ್ದಳು.

"ನನ್ನ ಕೈಲಿ ಆಗಲ್ಲ ಅನ್ಸುತ್ತೆ. ನೀನು ಹೇಳೋದೇ ಸರಿ ಇರಬೇಕು. ಆ ಫಾರಂ ಬೇಡ ಬಿಡು. ನೀನೇ ಪಕ್ಕ ಕೂತ್ಕೋ."

ಬೇಕಿದ್ದುದೆಲ್ಲ ಕೈಗೆ ಬಂದಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಮಗಳು ತಾಯಿಯ ಹತ್ತಿರವೇ ಕಲಿಯುತ್ತಿದ್ದಳು, ಊರು ನಗುತ್ತಿರಲಿಲ್ಲ. ಇಷ್ಟು ವರ್ಷ ಸಾವಿರ ಜನರ ಪಕ್ಕ ಕೂತು ಮಾಡಿದ್ದನ್ನೇ ಇನ್ನೊಂದು ಸಲ ಮಾಡುವುದು. ಅವರಿಗೆ ಬಾರದ್ದನ್ನು ಬರುತ್ತದೆ ಎಂದು ನಂಬಿಸಿದ್ದಳು. ಇವಳಿಗೆ ಬರುವುದನ್ನು ಬಾರದು ಎಂದು ನಂಬಿಸಬೇಕು, ಅಷ್ಟೆ.

ಅವಳಿಗೆ ಸಿಟ್ಟು ಬಂತು. ಯಜಮಾನನ ಮೇಲೆ, ರಿಮೋಟು ಕಂಡುಹಿಡಿದವನ ಮೇಲೆ, ಇಷ್ಟು ಸುಲಭವಾಗಿ ಸೋಲೊಪ್ಪಿಕೊಂಡ ಮಗಳ ಮೇಲೆ. ಯಾರ ಮೇಲೂ ಅದು ನೆಟ್ಟಗೆ ಕೂರಲಿಲ್ಲ. ಅದಕ್ಕೆ ಕೂರಲು ಇದ್ದದ್ದು ಒಂದೇ ಜಾಗ. ರಿಮೋಟು ತೆಗೆದು ಮಗಳ ಮುಂದೆ ಹಿಡಿದಳು.

"ನೀನೇನೂ ತಪ್ಪು ಮಾಡಿಲ್ಲ. ನಾನು ಒತ್ತಿದೆ."

ಮಗಳು ಅದನ್ನು ತೆಗೆದುಕೊಂಡು ತಿರುವಿ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ತಾಯಿ ಎರಡು ಮಾತು ತಿರುಗಿಸಿ ಹೇಳುತ್ತಿದ್ದಳು, ಅಷ್ಟಾದರೂ ಹಗುರವಾಗುತ್ತಿತ್ತು.

"ಎಷ್ಟು ದೂರ ಕೆಲಸ ಮಾಡುತ್ತೆ ಇದು?"

"ಐವತ್ತು ಮೀಟರ್ ಅಂದ್ರು."

"ಹಾಗಾದ್ರೆ ಐವತ್ತೊಂದು ಮೀಟರ್ ದೂರ ಇರು."

ರಿಮೋಟನ್ನು ತನ್ನ ಜೇಬಿಗೇ ಹಾಕಿಕೊಂಡಳು. ಗಾಡಿಯನ್ನು ನಿಧಾನವಾಗಿ ಬುಡಕ್ಕೆ ಇಳಿಸಿ, ತಿರುಗಿಸಿ, ಮತ್ತೆ ಹೊರಟಳು. ಅದೇ ಕಲ್ಲಿಗೆ ಅದೇ ಚಕ್ರ ತಾಗಿ ಅಷ್ಟೇ ಎದ್ದಿತು, ಇಳಿಯಿತು. ಅವಳು ಮೇಲೆ ಮುಟ್ಟಿದಳು. ತಿರುಗಿ ನೋಡಲಿಲ್ಲ, ಕೈ ಬೀಸಲಿಲ್ಲ. ತಾಯಿ ಆ ಏರನ್ನು ನಾಲ್ಕನೇ ಪ್ರಯತ್ನದಲ್ಲಿ ಹತ್ತಿದಳು. ಮೇಲಿನಿಂದ ಯಾರೂ ತಮಾಷೆ ಮಾಡಲಿಲ್ಲ.

ಸೋಮವಾರ ಫಾರಂ ಮೇಜಿನ ಮೇಲಿರಲಿಲ್ಲ. ತಾಯಿ ಕಸದ ಬುಟ್ಟಿಯಲ್ಲೂ ಹುಡುಕಿದಳು, ಸಿಗಲಿಲ್ಲ.

ಕನ್ನಡಕದಂಗಡಿಯವರು ಹತ್ತು ಗಂಟೆಗೆ ಬಂದು ಸ್ಟೇರಿಂಗ್ ಹಿಡಿದರು. ಮೊದಲ ಸಿಗ್ನಲ್ಲಿನಲ್ಲಿ ಕಾರು ನಿಂತಿತು. "ಹೇಗೆ ನಿಲ್ಲಿಸಿದೆ ನೋಡಿದ್ರಾ?"

"ನೀವು ನಿಲ್ಲಿಸ್ಲಿಲ್ಲ ಸಾರ್. ನಾನು ಒತ್ತಿದೆ."

ಎರಡನೇ ಕಡೆ ಹಾಲಿನ ವ್ಯಾನಿನ ಹಿಂದೆ. "ಇದೂ ನಾನೇ."

ಮೂರನೇ ಕಡೆ, ನಾಲ್ಕನೇ ಕಡೆ. ಪ್ರತಿ ಸಲವೂ ಬಾಯಿ ಬಿಟ್ಟು ಹೇಳಿದಳು. ಅವರ ಕಿವಿ ಕೆಂಪಾಗುತ್ತ ಹೋಯಿತು. "ಹಾಗಾದ್ರೆ ನಲವತ್ತು ದಿನ ನಾನೇನು ಮಾಡ್ತಿದ್ದೆ ಮೇಡಂ?"

"ಹಾರನ್ ನೀವೇ ಹೊಡೀತಿದ್ರಿ."

ಅವರು ಸ್ಟೇರಿಂಗನ್ನು ಇನ್ನಷ್ಟು ಬಿಗಿಯಾಗಿ ಹಿಡಿದರು. ಐದನೇ ಕಡೆ, ನೆಟ್ಟ ನೋಟದಿಂದ, ಬೆವರುತ್ತ, ತಮ್ಮ ಕಾಲಿನಿಂದಲೇ ಕಾರು ನಿಲ್ಲಿಸಿದರು. ಮುಂದಿನ ಬಂಪರಿಗೆ ಇನ್ನೂ ಮೂರು ಮಾರು ಇತ್ತು. ಅವರು ಅವಳ ಮುಖ ನೋಡಿದರು. ಅವಳು ತಲೆಯಾಡಿಸಿದಳು. ಮತ್ತೆ ನಿಧಾನವಾಗಿ ಹೊರಟರು.

ಆಗಲೇ ಅಡ್ಡರಸ್ತೆಯಿಂದ ಕೆಂಪು ಕಾರು ವೃತ್ತಕ್ಕೆ ಬಂದು, ನಟ್ಟನಡುವೆ ಇಂಜಿನ್ ಆರಿ ನಿಂತುಬಿಟ್ಟಿತು. ಹಿಂದಿನವರೆಲ್ಲ ಒಟ್ಟಿಗೆ ಹಾರನ್ ಹೊಡೆದರು. ಸ್ಟೇರಿಂಗ್ ಹಿಡಿದವಳ ಮೊಣಕೈಗೆ ಬಿಳಿ ಪಟ್ಟಿ. ಪಕ್ಕದ ಸೀಟಿನ ಮನುಷ್ಯ ಏನೂ ಮಾಡದೆ ಕೈಕಟ್ಟಿ ಕೂತಿದ್ದ. ಹಾಗೆ ಕೂರಲು ಅವನಿಗೆ ಎಷ್ಟು ಕೊಬ್ಬು ಎಂದು ತಾಯಿ ಅಂದುಕೊಂಡಳು. ಮಗಳು ಮತ್ತೆ ಕೀ ತಿರುಗಿಸಿದಳು. ಸ್ಟಾರ್ಟ್ ಆಗಲಿಲ್ಲ. ಇನ್ನೊಮ್ಮೆ ತಿರುಗಿಸಿದಳು. ಆಯಿತು. ಕೆಂಪು ಕಾರು ಕುಪ್ಪಳಿಸಿ, ಸಾವರಿಸಿಕೊಂಡು, ತಿರುವು ದಾಟಿ ಹೋಯಿತು.

ಇತ್ತ ಇವರ ಕಾರು ಖಾಲಿ ರಸ್ತೆಯಲ್ಲಿ ಗಕ್ಕನೆ ನಿಂತಿತ್ತು. ಮುಂದೆ ಒಂದು ನಾಯಿಯೂ ಇರಲಿಲ್ಲ. ಕನ್ನಡಕದಂಗಡಿಯವರು ತಮ್ಮ ಕಾಲನ್ನು ನೋಡಿಕೊಂಡು, ನಿಧಾನವಾಗಿ ಅವಳ ಕಡೆ ತಿರುಗಿದರು.

"ಮೇಡಂ, ಇದೂ ನೀವೇನಾ?"

"ಹೌದು ಸಾರ್, ನಾನೇ" ಎಂದು ಅವಳು ಕಾಲು ತೆಗೆದಳು. "ಕ್ಷಮಿಸಿ. ಹೊರಡಿ."